ವಿಠ್ಠಲ ವಿಹಾರದ ಬಾನುಲಿ: ಮೈಸೂರಿನ ಮನೆಯೊಂದರಲ್ಲಿ ಹುಟ್ಟಿದ ‘ಆಕಾಶವಾಣಿ’

ಚರ್ಚಿನ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಬಾನುಲಿಯ ಇತಿಹಾಸಕ್ಕೆ ಸ್ಥಳವೇನು ಎಂದು ಕೆಲವು ವಾಚಕರು ಕೇಳಬಹುದು. ವಿದ್ಯಾರಣ್ಯಪುರದ ಸುತ್ತಮುತ್ತ ನೆಲೆಸಿರುವ ನಮಗೆ ಈ ಪ್ರಶ್ನೆಯ ಉತ್ತರ ಬಹು ದೂರದಲ್ಲಿಲ್ಲ. ನೆರೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೊ ವಾಲ್ವುಗಳನ್ನೂ, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರೇಷಕ ಯಂತ್ರಗಳನ್ನೂ ತಯಾರಿಸತೊಡಗಿತು. ಈ ಬಡಾವಣೆಯ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿದ್ದು ಆ ಕಾರ್ಖಾನೆಯ ಸಂಬಳದಿಂದ. ಯಲಹಂಕದ ಕಡೆಗೆ ಹೋದರೆ, 1990ರ ದಶಕದಲ್ಲಿ ತಲಾ 500 ಕಿಲೋವಾಟ್ ಸಾಮರ್ಥ್ಯದ ಕಿರುತರಂಗ ಪ್ರೇಷಕಗಳು ದೂರದೇಶಗಳಿಗೆ ದನಿ ಕಳುಹಿಸಲೆಂದು ನಿಂತ ಆವರಣವಿದೆ. ಈ ಯಂತ್ರಗಳೆಲ್ಲ ಯಾವ ಹೆಸರಿನ ಸೇವೆಗಾಗಿ ತಯಾರಾದವೋ ಆ ಹೆಸರು, ಅಂದರೆ ‘ಆಕಾಶವಾಣಿ’ ಎಂಬ ಹೆಸರು, ಬಾನುಲಿ ನಿಲಯವೊಂದಕ್ಕೆ ಅಂಟಿಕೊಂಡದ್ದು ದೆಹಲಿಯಲ್ಲಿ ಅಲ್ಲ, ಕಲ್ಕತ್ತೆಯಲ್ಲಿಯೂ ಅಲ್ಲ. ಮೈಸೂರು ನಗರದ ಒಂಟಿಕೊಪ್ಪಲಿನ ಒಂದು ವಾಸದ ಮನೆಯಲ್ಲಿ, 1935ರ ಸೆಪ್ಟೆಂಬರ್ 10ರಂದು. ಆ ಮನೆಯ ಹೆಸರು ‘ವಿಠ್ಠಲ ವಿಹಾರ’. ಅಲ್ಲಿದ್ದ ಪ್ರೇಷಕ ಯಂತ್ರದ ಶಕ್ತಿ 30 ವಾಟ್. ನಮ್ಮ ಮನೆಗಳಲ್ಲಿ ಬಹುಕಾಲ ಉರಿದ ಸಾಮಾನ್ಯ 40 ವಾಟ್ ವಿದ್ಯುದ್ದೀಪಕ್ಕಿಂತಲೂ ಕಡಿಮೆ. ಯಲಹಂಕದ ಯಂತ್ರಗಳಲ್ಲಿ ಒಂದೊಂದರ ಶಕ್ತಿಯೂ ಅದರ ಹದಿನಾರು ಸಾವಿರ ಪಟ್ಟಿಗೂ ಮಿಗಿಲು.

ಆ ಮನೆಯ ಯಜಮಾನರು ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿ. ಅವರು ಇಂಜಿನಿಯರರಲ್ಲ, ವ್ಯಾಪಾರಿಗಳಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಪ್ರಸಿದ್ಧ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿ ಬಂದ ಅವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಕಲ್ಕತ್ತೆಯ ವಿಭಾಗವೊಂದನ್ನು ಬಿಟ್ಟರೆ ಭಾರತದಲ್ಲಿ ಈ ಶಾಸ್ತ್ರಕ್ಕೆ ಮೀಸಲಾದ ವಿಭಾಗಗಳಲ್ಲಿ ಅದು ಅತ್ಯಂತ ಹಳೆಯದೆಂದು ಎಣಿಕೆ. ಇಂಥ ವಿದ್ವಾಂಸರು ಬಾನುಲಿಯ ತಂತಿ, ವಾಲ್ವು, ಕಂಬಗಳ ಗೊಡವೆಗೆ ಏಕೆ ಹೋದರು? ಕಾಣದ ಮನುಷ್ಯನ ದನಿ ಕೇಳುಗನ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಮನಶ್ಶಾಸ್ತ್ರಜ್ಞನಿಗೆ ಸಹಜವಾದ ಕುತೂಹಲ ಎಂದು ಈ ಲೇಖಕನ ಊಹೆ. ಅದಕ್ಕಿಂತ ಬಲವಾದ ಇನ್ನೊಂದು ಕಾರಣ ಅಂದಿನ ಮೈಸೂರಿನ ಗಾಳಿಯಲ್ಲಿಯೇ ಇತ್ತು.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ಬ್ರಿಟಿಷ್ ಆಡಳಿತದ ಪ್ರಾಂತ್ಯಗಳ ಹೊರಗೆ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ. ವಿದ್ಯೆ ಕಾಲೇಜಿನ ಗೋಡೆಯೊಳಗೆ ಉಳಿಯಬಾರದು, ಕನ್ನಡದಲ್ಲಿ ಹಳ್ಳಿಗಳವರೆಗೆ ಹೋಗಬೇಕು ಎಂಬ ಹಂಬಲ ಅಲ್ಲಿನ ಉಪಾಧ್ಯಾಯರಲ್ಲಿ ಬಲವಾಗಿತ್ತು. ಬಿ. ಎಂ. ಶ್ರೀಕಂಠಯ್ಯನವರು ಊರೂರು ತಿರುಗಿ ಕನ್ನಡದ ಪರವಾಗಿ ಭಾಷಣ ಮಾಡಿದ ಕಾಲ ಅದು. ಟಿ. ಎಸ್. ವೆಂಕಣ್ಣಯ್ಯನವರು ಮಹಾರಾಜ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರ ಶಿಷ್ಯರಾದ ಕುವೆಂಪು ಅಲ್ಲಿಯೇ ಅಧ್ಯಾಪಕರಾಗಿದ್ದರು. 1930ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಸಣ್ಣ ಊರುಗಳಲ್ಲಿ ನಡೆಯುತ್ತಿದ್ದವು. ಒಬ್ಬ ಉಪನ್ಯಾಸಕ ರೈಲು, ಎತ್ತಿನ ಗಾಡಿ ಹತ್ತಿ ಒಂದು ಊರಿಗೆ ಹೋಗಿ ಇನ್ನೂರು ಜನರಿಗೆ ಹೇಳುವುದನ್ನು ಒಂದು ಪೆಟ್ಟಿಗೆ ಮನೆಯಲ್ಲಿದ್ದುಕೊಂಡೇ ಹೇಳಬಲ್ಲದೆಂದರೆ ಯಾವ ಉಪಾಧ್ಯಾಯನಿಗೆ ಆಸೆಯಾಗದು!

ಊರೂ ಅದಕ್ಕೆ ತಕ್ಕಂತಿತ್ತು. ಶಿವನಸಮುದ್ರದ ವಿದ್ಯುತ್ತು 1908ರಲ್ಲಿಯೇ ಮೈಸೂರಿಗೆ ಬಂದಿತ್ತು. ಬ್ಯಾಟರಿಯನ್ನು ನಂಬಿಕೊಂಡು ಬಾನುಲಿ ನಡೆಸಬೇಕಾದ ಕಷ್ಟ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಂಗೀತಗಾರರು ನೆಲೆಸಿದ್ದರು. ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ವೀಣೆ ವೆಂಕಟಗಿರಿಯಪ್ಪನವರು, ಏಳು ತಂತಿಯ ಪಿಟೀಲಿನ ಚೌಡಯ್ಯನವರು ಒಂದೇ ನಗರದ ಬೀದಿಗಳಲ್ಲಿ ಓಡಾಡುತ್ತಿದ್ದ ಕಾಲವನ್ನು ನೆನೆದರೆ ಇಂದಿಗೂ ಆಶ್ಚರ್ಯವೆನಿಸುತ್ತದೆ. ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಅದೇ ಅರಸರು ಅಸ್ತಿಭಾರದ ಕಲ್ಲನ್ನಿಟ್ಟದ್ದು 1933ರ ಅಕ್ಟೋಬರ್ 28ರಂದು. ಅದರ ಕಟ್ಟಡ ಏಳುತ್ತಿದ್ದ ದಿನಗಳೂ ವಿಠ್ಠಲ ವಿಹಾರದ ಬಾನುಲಿ ಸಿದ್ಧವಾದ ದಿನಗಳೂ ಹೆಚ್ಚು ಕಡಿಮೆ ಒಂದೇ.

ಧ್ವನಿಮುದ್ರಣದ ಇತಿಹಾಸದಲ್ಲಿಯೂ ಮೈಸೂರಿಗೆ ಒಂದು ಕರುಣಾಜನಕ ಸಂಬಂಧವಿದೆ. ಭಾರತದಲ್ಲಿ ಗ್ರಾಮೊಫೋನ್ ಕಂಪನಿಯ ಮೊದಲ ಮುದ್ರಣಗಳು 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆದವು. ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞ ಅಲ್ಲಿ ಕಂಡುಕೊಂಡ ಮಹಾಗಾಯಕಿ ಗೌಹರ್ ಜಾನ್. ಅರ್ಮೇನಿಯನ್ ಮೂಲದ ಕ್ರೈಸ್ತ ಕುಟುಂಬದಲ್ಲಿ ಏಂಜಲೀನಾ ಎಂಬ ಹೆಸರಿನಿಂದ ಹುಟ್ಟಿದಾಕೆ. ಮುದ್ರಣದ ಕೊನೆಯಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಹಾಡು ಯಾರದೆಂದು ಪರದೇಶದ ಕಾರ್ಖಾನೆಯವರಿಗೆ ಗುರುತು ಸಿಗಲೆಂದು. ಲಕ್ಷಾಂತರ ಮನೆಗಳಲ್ಲಿ ದನಿ ಕೇಳಿಸಿದ ಈ ಕಲಾವಿದೆ ಬಾಳಿನ ಸಂಜೆಯಲ್ಲಿ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಇದೇ ಊರಿನಲ್ಲಿ ತೀರಿಕೊಂಡಳು. ಗೋಪಾಲಸ್ವಾಮಿಯವರ ನಿಲಯ ಅವಳಿಗೆ ಐದು ವರ್ಷ ತಡವಾಯಿತು.

ಇನ್ನು ದೇಶದ ಬಾನುಲಿಯ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂಕೇತ ಕಳುಹಿಸಿದ್ದು 1901ರಲ್ಲಿ. ಅದೇ ಮಾರ್ಕೋನಿ ನಿರ್ಮಿಸಿಕೊಟ್ಟ ವ್ಯಾಟಿಕನ್ ಬಾನುಲಿಯಿಂದ 1931ರ ಫೆಬ್ರವರಿ 12ರಂದು ಹನ್ನೊಂದನೆಯ ಭಕ್ತಿನಾಥ ಪೋಪರು, ಅಂದರೆ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು, ಲತೀನ್ ಭಾಷೆಯಲ್ಲಿ ಲೋಕಕ್ಕೆ ಸಂದೇಶವಿತ್ತರು. ಭಾರತದಲ್ಲಿ 1923ರಿಂದ ಮುಂಬಯಿ, ಕಲ್ಕತ್ತೆಗಳ ರೇಡಿಯೊ ಕ್ಲಬ್ಬುಗಳೂ, 1924ರಿಂದ ಮದರಾಸಿನ ಕ್ಲಬ್ಬೂ ಹವ್ಯಾಸದ ಪ್ರಸಾರ ನಡೆಸಿದವು. ಮದರಾಸಿನದು ಹಣವಿಲ್ಲದೆ 1927ರಲ್ಲಿ ನಿಂತಿತು. ಅದೇ ವರ್ಷ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಮುಂಬಯಿ, ಕಲ್ಕತ್ತೆಗಳಲ್ಲಿ ನಿಲಯ ತೆರೆಯಿತು. ಮೂರು ವರ್ಷ ತುಂಬುವ ಮೊದಲೇ, 1930ರ ಮಾರ್ಚಿನಲ್ಲಿ, ಬಾಗಿಲು ಹಾಕಿತು. ಸರ್ಕಾರ ಅನುಮಾನಿಸುತ್ತಲೇ ಅವನ್ನು ವಹಿಸಿಕೊಂಡಿತು. 1934ರ ಕೊನೆಗೆ ಇಡೀ ಬ್ರಿಟಿಷ್ ಭಾರತದಲ್ಲಿ ರೇಡಿಯೊ ಲೈಸೆನ್ಸು ಪಡೆದವರು ಸುಮಾರು ಹದಿನಾರು ಸಾವಿರ ಮಂದಿ ಮಾತ್ರ. ಬಿ.ಬಿ.ಸಿ.ಯಿಂದ ಲಯನಲ್ ಫೀಲ್ಡನ್ ಎಂಬ ಅಧಿಕಾರಿ ಪ್ರಸಾರದ ನಿಯಂತ್ರಕರಾಗಿ ಭಾರತಕ್ಕೆ ಬಂದದ್ದು 1935ರ ಆಗಸ್ಟಿನಲ್ಲಿ. ದೆಹಲಿ ನಿಲಯ ಆರಂಭವಾದದ್ದು 1936ರ ಜನವರಿ 1ರಂದು. ‘ಆಲ್ ಇಂಡಿಯಾ ರೇಡಿಯೊ’ ಎಂಬ ನಾಮಕರಣವಾದದ್ದು ಅದೇ ವರ್ಷದ ಜೂನ್ 8ರಂದು. ವಾಚಕರು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು: ದೆಹಲಿಯಲ್ಲಿ ನಿಲಯವೇ ಇಲ್ಲದಿದ್ದಾಗ, ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಹುಟ್ಟುವುದಕ್ಕೆ ಒಂಬತ್ತು ತಿಂಗಳ ಹಿಂದೆ, ಮೈಸೂರಿನ ಮನೆಯಿಂದ ಕನ್ನಡ ಕೇಳಿಸುತ್ತಿತ್ತು.

ಅಂದಿನ ಬಾನುಲಿಯ ಕೋಣೆ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ಇಂದಿನ ಯುವಕರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮೈಕಿನ ಮುಂದೆ ನಿಂತವನ ದನಿ ಅದರೊಳಗಿನ ತೆಳುಪೊರೆಯನ್ನು ಅಲುಗಿಸುತ್ತದೆ. ಆ ಅಲುಗಾಟ ಸಣ್ಣ ವಿದ್ಯುತ್ ಪ್ರವಾಹದ ಏರಿಳಿತವಾಗುತ್ತದೆ. ಗಾಜಿನ ವಾಲ್ವುಗಳು ಅದನ್ನು ದೊಡ್ಡದು ಮಾಡುತ್ತವೆ. ಪ್ರೇಷಕ ಯಂತ್ರವು ಒಂದೇ ಸಮನೆ ಹೊರಡಿಸುವ ತರಂಗದ ಮೇಲೆ ಈ ಏರಿಳಿತವನ್ನು ಹೊರಿಸಿ, ಎತ್ತರದ ಕಂಬಕ್ಕೆ ಕಟ್ಟಿದ ತಂತಿಯ ಮೂಲಕ ಬಯಲಿಗೆ ಬಿಡುತ್ತಾರೆ. ವಾಲ್ವು ಕಾಯದೆ ಕೆಲಸ ಮಾಡದು. ಕಾದು ಕಾದು ಒಂದು ದಿನ ಸುಟ್ಟುಹೋಗುತ್ತದೆ, ಹೊಸದು ಹಡಗಿನಲ್ಲಿ ಬರಬೇಕು. ವಾಸದ ಮನೆಯ ಗೋಡೆಗಳು ದನಿಯನ್ನು ಮರಳಿಸಿ ಗೊಂದಲ ಮಾಡುವುದರಿಂದ ಇಂಥ ಕೋಣೆಗಳಿಗೆ ದಪ್ಪ ಪರದೆ ಬೇಕು, ನೆಲಕ್ಕೆ ಜಮಖಾನೆ ಬೇಕು. ಬೀದಿಯಲ್ಲಿ ಜಟಕಾ ಓಡಿದರೆ, ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ, ಅದೂ ಊರಿಗೆಲ್ಲ ಕೇಳಿಸುವ ಅಪಾಯ ಇದ್ದೇ ಇರುತ್ತದೆ. ಹಗಲಿಗಿಂತ ರಾತ್ರಿ ಈ ತರಂಗಗಳು ಮೇಲಿನ ವಾಯುಮಂಡಲದಿಂದ ಮರಳಿ ಹೆಚ್ಚು ದೂರ ಮುಟ್ಟುವುದುಂಟು. ಆದರೂ 30 ವಾಟಿನ ಯಂತ್ರ ಎಂದರೆ ಹೆಚ್ಚಿಗೆ ಮೈಸೂರು ಮತ್ತು ಅದರ ಆಸುಪಾಸಿನ ಯಂತ್ರ. ಅಷ್ಟರಿಂದ ತೃಪ್ತರಾಗದೆ ಗೋಪಾಲಸ್ವಾಮಿಯವರು ಮುಂದೆ 250 ವಾಟಿನ ಪ್ರೇಷಕವನ್ನು ಪರದೇಶದಿಂದ ತರಿಸಿದರು. ಇದೆಲ್ಲವೂ ನಡೆದದ್ದು ಹೆಚ್ಚಾಗಿ ಅವರ ಸ್ವಂತ ಖರ್ಚಿನಲ್ಲಿ. ಪ್ರಾಧ್ಯಾಪಕರ ಸಂಬಳದಲ್ಲಿ ಎಷ್ಟು ಉಳಿದೀತೆಂದು ಮೇಷ್ಟರ ಮನೆಯವರು ಯಾರಾದರೂ ಬಲ್ಲರು.

ಮೊದಲ ಪ್ರಸಾರದಲ್ಲಿ ಕುವೆಂಪು ಅವರು ತಮ್ಮ ಕವನವನ್ನು ವಾಚಿಸಿದರೆಂಬುದು ಮೈಸೂರಿನವರು ಅಭಿಮಾನದಿಂದ ಹೇಳಿಕೊಂಡು ಬಂದಿರುವ ಮಾತು. ಆಗ ಕವಿಗೆ ಮೂವತ್ತು ವರ್ಷ. ಮುಂದೆ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲು ತಂದ ಕವಿಯ ದನಿ ಕನ್ನಡದ ಮೊದಲ ಬಾನುಲಿಯ ದನಿಯೂ ಆಗಿದ್ದಿತೆಂದರೆ ಆ ಅಭಿಮಾನವನ್ನು ಯಾರೂ ಆಕ್ಷೇಪಿಸಲಾರರು.

ಈಗ ಹೆಸರಿನ ಸಂಗತಿಗೆ ಬರೋಣ. ಇಲ್ಲಿ ಸ್ವಲ್ಪ ನಿಂತು ಮುಂದೆ ಹೋಗುವುದು ಅವಶ್ಯ, ಏಕೆಂದರೆ ಈ ಮನೆಗೆ ಸಲ್ಲಬೇಕಾದ ಕೀರ್ತಿ ಬಹುಪಾಲು ಬೇರೆಯವರ ಹೆಸರಿನಲ್ಲಿ ಜಮೆಯಾಗಿದೆ. ದೇಶದ ಅನೇಕ ಕಡೆ ‘ಆಕಾಶವಾಣಿ’ ಎಂದು ಬಾನುಲಿಗೆ ಹೆಸರಿಟ್ಟವರು ರವೀಂದ್ರನಾಥ ಠಾಕೂರರು ಎಂಬ ನಂಬಿಕೆಯಿದೆ. ಠಾಕೂರರು ಕಲ್ಕತ್ತೆಯ ಕಿರುತರಂಗ ಪ್ರಸಾರದ ಸಂದರ್ಭದಲ್ಲಿ ಆ ಪದವನ್ನು ಬಳಸಿ ಕವಿತೆ ಬರೆದುಕೊಟ್ಟದ್ದು ನಿಜ, ಅದು 1938ರಲ್ಲಿ. ಮೈಸೂರಿನ ನಿಲಯ ಆ ಹೆಸರಿನಿಂದ ನಡೆಯತೊಡಗಿ ಅಷ್ಟು ಹೊತ್ತಿಗೆ ಮೂರು ವರ್ಷವಾಗಿತ್ತು. ಮಹಾಕವಿಗೆ ಗೌರವ ಸಲ್ಲಿಸುವ ಭರದಲ್ಲಿ ಪಂಚಾಂಗವನ್ನು ಹಿಂದುಮುಂದು ಮಾಡುವುದು ಸರಿಯಲ್ಲ.

ಮೈಸೂರಿನೊಳಗೆ ಇನ್ನೊಂದು ಪ್ರಶ್ನೆಯಿದೆ: ಪದವನ್ನು ಆರಿಸಿದವರು ಗೋಪಾಲಸ್ವಾಮಿಯವರೋ, ಅವರ ಸಹಾಯಕರಾಗಿದ್ದ ನಾ. ಕಸ್ತೂರಿಯವರೋ? ಕಸ್ತೂರಿಯವರು 1897ರಲ್ಲಿ ಕೇರಳದ ತ್ರಿಪ್ಪುಣಿತ್ತುರದಲ್ಲಿ ಹುಟ್ಟಿ, ಮೈಸೂರಿಗೆ ಬಂದು ಉಪಾಧ್ಯಾಯರಾಗಿ, ಕನ್ನಡವನ್ನು ಕಲಿತು, ಕನ್ನಡಿಗರನ್ನೇ ನಗಿಸಿದವರು. ಪದಗಳ ಅರ್ಥವನ್ನು ತಿರುಚಿ ವಿನೋದ ಹುಟ್ಟಿಸುವ ‘ಅನರ್ಥಕೋಶ’ವನ್ನು ರಚಿಸಿದವರು. ‘ಕೊರವಂಜಿ’ ಪತ್ರಿಕೆಯ ಓದುಗರಿಗೆ ಆಪ್ತರು. ಪದಗಳೊಡನೆ ಇಷ್ಟು ಸಲಿಗೆಯಿದ್ದವರು ಹೆಸರನ್ನು ಸೂಚಿಸಿದ್ದರೆ ಆಶ್ಚರ್ಯವಿಲ್ಲ. ಕೆಲವರು ಕಸ್ತೂರಿಯವರ ಪರವಾಗಿ, ಕೆಲವರು ಗೋಪಾಲಸ್ವಾಮಿಯವರ ಪರವಾಗಿ ಹೇಳುತ್ತಾರೆ. ಯಾರ ಬಾಯಿಂದ ಮೊದಲು ಬಂದರೂ, ಹೆಸರನ್ನು ಒಪ್ಪಿ, ಅದನ್ನು ಹೊತ್ತ ನಿಲಯಕ್ಕೆ ಹಣವನ್ನೂ ಮನೆಯನ್ನೂ ಒಡ್ಡಿದವರು ಗೋಪಾಲಸ್ವಾಮಿಯವರು. ಈ ಲೇಖಕನ ದೃಷ್ಟಿಯಲ್ಲಿ ತಕ್ಕಡಿ ಆ ಕಡೆಗೇ ತೂಗುತ್ತದೆ.

ಪದವಂತೂ ಹೊಸದಲ್ಲ. ಬಯಲಾಟ, ಯಕ್ಷಗಾನ ನೋಡಿದ ಯಾವ ಹಳ್ಳಿಗನಿಗೂ ಕಂಸನನ್ನು ಎಚ್ಚರಿಸಿದ ಅಶರೀರವಾಣಿಯ ಪರಿಚಯವಿತ್ತು. ಕನ್ನಡ ಕ್ರೈಸ್ತರಿಗೂ ಅದು ಅಪರಿಚಿತವಾಗಿರಲಿಲ್ಲ. ಯೊರ್ದಾನ್ ನದಿಯಲ್ಲಿ ಪ್ರಭು ಯೇಸುವಿನ ಸ್ನಾನದೀಕ್ಷೆಯ ಸಂದರ್ಭದಲ್ಲಿ ಸ್ವರ್ಗದಿಂದ ಕೇಳಿಬಂದ ದನಿಗೆ ಹಳೆಯ ಕನ್ನಡ ಬೈಬಲ್ ಭಾಷಾಂತರವು ಬಳಸಿರುವ ಪದವೂ ‘ಆಕಾಶವಾಣಿ’ಯೇ. ಮೇಲಿನಿಂದ ಬರುವ, ಆಡಿದವರು ಕಾಣದ ಮಾತಿಗೆ ಕನ್ನಡಿಗರೆಲ್ಲರ ಬಳಿ ಸಿದ್ಧವಾದ ಒಂದು ಹೆಸರಿತ್ತು. ಇಂಗ್ಲಿಷ್ ಪದವನ್ನು ಕಷ್ಟಪಟ್ಟು ಭಾಷಾಂತರಿಸಿದ ಎಷ್ಟೋ ಸರ್ಕಾರಿ ಶಬ್ದಗಳು ಕಾಗದದಲ್ಲೇ ಸತ್ತವು. ಇದು ಮಾತ್ರ ಅಜ್ಜಿಯರ ನಾಲಗೆಯ ಮೇಲೂ ನಿಂತಿತು. 1950ರ ದಶಕದ ಉತ್ತರಾರ್ಧದಲ್ಲಿ ಭಾರತ ಸರ್ಕಾರವು ತನ್ನ ಬಾನುಲಿಗೆ ಇದೇ ಹೆಸರನ್ನು ತೆಗೆದುಕೊಂಡಿತು. 2023ರ ಮೇ ತಿಂಗಳಲ್ಲಿ ‘ಆಲ್ ಇಂಡಿಯಾ ರೇಡಿಯೊ’ ಎಂಬುದನ್ನು ಪೂರ್ತಿಯಾಗಿ ಕೈಬಿಟ್ಟು, ಎಲ್ಲ ಪ್ರಸಾರಗಳಲ್ಲಿ ‘ಆಕಾಶವಾಣಿ’ ಎಂದೇ ಹೇಳಬೇಕೆಂದು ಪ್ರಸಾರ ಭಾರತಿಯ ಆದೇಶವಾಯಿತು.

ವಿಠ್ಠಲ ವಿಹಾರದ ನಿಲಯವನ್ನು ‘ಭಾರತದ ಮೊದಲ ಖಾಸಗಿ ಬಾನುಲಿ’ ಎಂದು ಬರೆಯುವ ರೂಢಿ ಬಂದಿದೆ. ಅಭಿಮಾನಕ್ಕೆ ಇದು ಹಿತವಾದರೂ ಇತಿಹಾಸಕ್ಕೆ ಅಷ್ಟು ಹಿತವಲ್ಲ. ಮೇಲೆ ಹೇಳಿದ ಮುಂಬಯಿ, ಕಲ್ಕತ್ತೆ, ಮದರಾಸಿನ ಕ್ಲಬ್ಬುಗಳು ಖಾಸಗಿಯವೇ. 1927ರ ಕಂಪನಿಯೂ ಷೇರುದಾರರದೇ. ನಿಜಾಮರ ಹೈದರಾಬಾದಿನಲ್ಲಿಯೂ ಖಾಸಗಿ ಪ್ರಯತ್ನವಾಗಿ ಮೊದಲಾದ ಪ್ರಸಾರವನ್ನು 1935ರಲ್ಲಿ ಸಂಸ್ಥಾನವು ವಹಿಸಿಕೊಂಡಿತು. ಮೈಸೂರಿನ ಹಿರಿಮೆಯನ್ನು ಬೇರೆ ಕಡೆ ಹುಡುಕಬೇಕು. ಕ್ಲಬ್ಬುಗಳು ಬಂದರು ಪಟ್ಟಣಗಳ ಉಳ್ಳವರ ಕೂಟಗಳಾಗಿದ್ದವು. ಕಂಪನಿಗೆ ಲಾಭದ ಆಸೆಯಿತ್ತು. ಇಲ್ಲಿಯಾದರೋ ಒಬ್ಬ ಮೇಷ್ಟರು, ಒಂದು ಮನೆ, ಒಂದು ಸಣ್ಣ ಊರು, ಆ ಊರಿನ ಭಾಷೆ. ಲಾಭವೆಂಬುದು ದೂರವೇ ಉಳಿಯಿತು, ಖರ್ಚು ಮಾತ್ರ ನಿತ್ಯ. ಆದರೂ ಆರು ವರ್ಷದಷ್ಟು ಕಾಲ ನಡೆಯಿತು. ಮದರಾಸಿನ ಕ್ಲಬ್ಬು ಮೂರು ವರ್ಷ ಬಾಳಿತು, ಬಂಡವಾಳವಿದ್ದ ಕಂಪನಿಯ ಆಯುಷ್ಯವೂ ಮೂರು ವರ್ಷಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ ಈ ಆರು ವರ್ಷದ ಬೆಲೆ ತಿಳಿಯುತ್ತದೆ.

ಒಬ್ಬ ವ್ಯಕ್ತಿಯ ಹೆಗಲ ಮೇಲೆ ಇಂಥ ಹೊರೆ ಕೊನೆಯವರೆಗೆ ನಿಲ್ಲಲಾರದು. ನಗರಸಭೆಯ ನೆರವು ದೊರೆಯಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ನಿಲಯವನ್ನು ತನ್ನದಾಗಿಸಿಕೊಂಡಿತು. ಆಗ ಎರಡನೆಯ ಮಹಾಯುದ್ಧದ ಕಾಲ. ವಾರ್ತೆಗಾಗಿ ಜನ ರೇಡಿಯೊದ ಮುಂದೆ ಕೂಡುತ್ತಿದ್ದರು. ಸರ್ಕಾರಗಳಿಗೂ ಬಾನುಲಿಯ ಮಹತ್ವ ದಿಢೀರನೆ ತೋರಿತ್ತು. 1947ರಲ್ಲಿ ದೇಶ ಇಬ್ಭಾಗವಾದಾಗ ಭಾರತದ ಪಾಲಿಗೆ ಬಂದ ಆಲ್ ಇಂಡಿಯಾ ರೇಡಿಯೊ ನಿಲಯಗಳು ಆರು: ದೆಹಲಿ, ಮುಂಬಯಿ, ಕಲ್ಕತ್ತೆ, ಮದರಾಸು, ತಿರುಚಿರಾಪಳ್ಳಿ, ಲಖನೌ. ಇವುಗಳಲ್ಲದೆ ದೇಶೀ ಸಂಸ್ಥಾನಗಳ ನಿಲಯಗಳು ಐದು: ಮೈಸೂರು, ತಿರುವಾಂಕೂರು, ಹೈದರಾಬಾದು, ಔರಂಗಾಬಾದು, ಬರೋಡ. ಮೊದಲ ಆರರಲ್ಲಿ ಒಂದೂ ಕನ್ನಡದ ನೆಲದಲ್ಲಿರಲಿಲ್ಲ ಎಂಬುದನ್ನು ಗಮನಿಸಬೇಕು. ಮೈಸೂರಿನ ಮೇಷ್ಟರು ಮನೆಯ ಕೋಣೆ ಬಿಟ್ಟುಕೊಡದೆ ಹೋಗಿದ್ದರೆ ಸ್ವಾತಂತ್ರ್ಯದ ದಿನ ಕನ್ನಡ ನಾಡಿನಲ್ಲಿ ಒಂದು ಬಾನುಲಿ ನಿಲಯ ಇರುತ್ತಿತ್ತೋ ಇಲ್ಲವೋ.

1950ರ ಜನವರಿ 8ರಂದು ಧಾರವಾಡದಲ್ಲಿ ನಿಲಯ ಆರಂಭವಾಯಿತು. ಅದೇ ವರ್ಷ ಏಪ್ರಿಲ್ 1ರಂದು ಸಂಸ್ಥಾನಗಳ ಹಣಕಾಸು ವಿಲೀನದ ಅಂಗವಾಗಿ ಮೈಸೂರು ನಿಲಯ ಕೇಂದ್ರ ಸರ್ಕಾರಕ್ಕೆ ಸೇರಿತು. ಇಲ್ಲಿಂದ ಮುಂದೆ ಮೈಸೂರಿನವರ ಪಾಲಿಗೆ ದುಃಖದ ಅಧ್ಯಾಯ. 1955ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಆಕಾಶವಾಣಿ ಆರಂಭವಾಯಿತು. ಮೈಸೂರಿನ ನಿಲಯ ಅಲ್ಲಿಗೆ ವರ್ಗವಾಗಿ ಬಂದಿತು. ರಾಜಧಾನಿ ಬೆಂಗಳೂರು, ಜನಸಂಖ್ಯೆ ಬೆಂಗಳೂರಿನದು, ಆಡಳಿತ ಬೆಂಗಳೂರಿನದು. ಮಂತ್ರಿಗಳ ಭಾಷಣವನ್ನು 140 ಕಿಲೋಮೀಟರ್ ದೂರದಿಂದ ಪ್ರಸಾರ ಮಾಡುವುದು ಯಾವ ಸರ್ಕಾರಕ್ಕೂ ರುಚಿಸದು. ವಾದವೇನೋ ಸರಿ. ಬೆಂಗಳೂರಿನವರಾದ ನಾವು ಅದರ ಫಲವನ್ನು ಉಂಡವರೇ. ಬೆಳಗಿನ ಚಿಂತನ, ಪ್ರದೇಶ ಸಮಾಚಾರ, ಕೃಷಿರಂಗ, ಮಕ್ಕಳ ಕಾರ್ಯಕ್ರಮ, ಕ್ರಿಸ್‌ಮಸ್ ಸಂದರ್ಭದ ಗೀತೆಗಳು ಇವೆಲ್ಲ ರಾಜಭವನ ರಸ್ತೆಯ ನಿಲಯದಿಂದ ನಮ್ಮ ಮನೆಗಳಿಗೆ ಬಂದವು. ಆದರೆ ಹೆಸರನ್ನೂ ನಿಲಯವನ್ನೂ ಕೊಟ್ಟ ಊರು ಹತ್ತೊಂಬತ್ತು ವರ್ಷ ಸ್ವಂತ ದನಿಯಿಲ್ಲದೆ ಉಳಿಯಿತು. ಆ ನಡುವೆ ಭದ್ರಾವತಿಗೆ 1965ರಲ್ಲಿ, ಗುಲಬರ್ಗಕ್ಕೆ 1966ರಲ್ಲಿ ನಿಲಯಗಳು ಬಂದವು. ಇದನ್ನು ನೋಡಿದ ಮೈಸೂರಿನ ಹಿರಿಯರಿಗೆ ಹೇಗನ್ನಿಸಿರಬಹುದೆಂದು ಬರೆಯುವ ಅಗತ್ಯವಿಲ್ಲ.

ಈ ಸ್ಥಳಾಂತರಕ್ಕಿಂತಲೂ ದೊಡ್ಡ ನಷ್ಟ ಇನ್ನೊಂದಿದೆ, ಅದು ದನಿಗಳ ನಷ್ಟ. ಇಂದು ‘ಸ್ಟುಡಿಯೊ’ ಎಂದರೆ ದನಿಯನ್ನು ಮುದ್ರಿಸಿ ಇಡುವ ಸ್ಥಳವೆಂದು ಭಾವಿಸುತ್ತೇವೆ. 1935ರ ಬಾನುಲಿ ಕೋಣೆಯ ಧರ್ಮವೇ ಬೇರೆ. ಅಲ್ಲಿ ಹಾಡಿದ್ದು ಹಾಡಿದ ಕ್ಷಣದಲ್ಲಿಯೇ ಬಯಲಿಗೆ ಹೋಗುತ್ತಿತ್ತು. ತಪ್ಪಿದರೆ ತಿದ್ದುವಂತಿಲ್ಲ, ಚೆನ್ನಾದರೆ ಇನ್ನೊಮ್ಮೆ ಕೇಳುವಂತಿಲ್ಲ. ಗ್ರಾಮೊಫೋನ್ ತಟ್ಟೆಯ ಮುದ್ರಣಕ್ಕೆ ಮೇಣದ ಅಚ್ಚು, ದೊಡ್ಡ ಕಂಪನಿ, ಕಾರ್ಖಾನೆ ಬೇಕು. ಕಲಾವಿದರು ಮದರಾಸಿಗೋ ಮುಂಬಯಿಗೋ ಹೋಗಬೇಕು. ಹೋದರೂ ತಟ್ಟೆಯ ಒಂದು ಮುಖದಲ್ಲಿ ಹಿಡಿಸುವುದು ಮೂರು ನಿಮಿಷದ ಆಸುಪಾಸು ಮಾತ್ರ. ಒಂದು ರಾಗದ ಆಲಾಪನೆಗೆ ಗಂಟೆ ಹಿಡಿಯುತ್ತಿದ್ದ ವಿದ್ವಾಂಸರು ಮೂರು ನಿಮಿಷದಲ್ಲಿ ಏನು ಮಾಡಿಯಾರು!

ದನಿಯನ್ನು ಉದ್ದಕ್ಕೆ ಹಿಡಿದಿಡುವ ಉಪಾಯ ಆಗಲೇ ಹುಟ್ಟಿತ್ತು ಎಂಬುದು ಈ ಕಥೆಯ ವಿಚಿತ್ರ. ಕಾಂತೀಯ ಟೇಪಿನ ಮೇಲೆ ದನಿ ಮುದ್ರಿಸುವ ‘ಮ್ಯಾಗ್ನೆಟೊಫೋನ್’ ಯಂತ್ರವನ್ನು ಜರ್ಮನಿಯ ಎ.ಇ.ಜಿ. ಕಂಪನಿಯು ಬರ್ಲಿನ್ನಿನ ರೇಡಿಯೊ ವಸ್ತುಪ್ರದರ್ಶನದಲ್ಲಿ ಜನರ ಮುಂದಿಟ್ಟದ್ದು 1935ರ ಆಗಸ್ಟಿನಲ್ಲಿ. ವಿಠ್ಠಲ ವಿಹಾರದ ಮೊದಲ ಪ್ರಸಾರಕ್ಕೆ ಕೆಲವೇ ವಾರಗಳ ಮೊದಲು. ಯುದ್ಧ ಮುಗಿಯುವವರೆಗೆ ಆ ಯಂತ್ರ ಜರ್ಮನಿಯ ಹೊರಗೆ ಹರಡಲಿಲ್ಲ. ಭಾರತದಲ್ಲಿ ಆಕಾಶವಾಣಿಯು ದೊಡ್ಡವರ ದನಿಗಳನ್ನು ಕ್ರಮವಾಗಿ ಮುದ್ರಿಸಿ, ಸಂಗ್ರಹಿಸಿ, ನಿಲಯದಿಂದ ನಿಲಯಕ್ಕೆ ಹಂಚುವ ವಿಭಾಗವನ್ನು ತೆರೆದದ್ದು 1954ರಲ್ಲಿ. ಅಷ್ಟರಲ್ಲಿ ಒಂಟಿಕೊಪ್ಪಲಿನ ಮನೆಯ ಕಾಲ ಮುಗಿದಿತ್ತು.

ಅದೇ ಊರಿನ ಅರಮನೆಯಲ್ಲಿ ಧ್ವನಿಮುದ್ರಣದ ಅಸಾಧಾರಣ ರಸಿಕರೊಬ್ಬರಿದ್ದರು. 1940ರಲ್ಲಿ ಪಟ್ಟವೇರಿದ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಆಳವಾದ ಅಭಿರುಚಿಯುಳ್ಳವರು. ಗ್ರಾಮೊಫೋನ್ ತಟ್ಟೆಗಳ ದೊಡ್ಡ ಸಂಗ್ರಹವನ್ನು ಇಟ್ಟುಕೊಂಡವರು. ರಷ್ಯನ್ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳಲ್ಲಿ ದಿನ ತಳ್ಳುತ್ತಿದ್ದಾಗ ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸುವ ವೆಚ್ಚವನ್ನು ಮೈಸೂರಿನ ಮಹಾರಾಜರು ಹೊತ್ತರು. 1948ರಲ್ಲಿ ಅದಕ್ಕಾಗಿಯೇ ‘ಮೆಟ್ನರ್ ಸೊಸೈಟಿ’ ರಚನೆಯಾಯಿತು. ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದದ ಸಂಸ್ಥೆಗೆ ಮಹಾರಾಜರೇ ಮೊದಲ ಅಧ್ಯಕ್ಷರಾದರು. ಆ ತಟ್ಟೆಗಳು ಇಂದಿಗೂ ಲೋಕದ ಸಂಗೀತಪ್ರಿಯರಿಗೆ ಲಭ್ಯ. ಅರಸರ ಔದಾರ್ಯವನ್ನು ಹೊಗಳದೆ ಇರಲಾಗದು. ಹೊಗಳುತ್ತಲೇ, ಮೆಟ್ನರನ ಪಿಯಾನೊ ಉಳಿದಂತೆ 1935ರ ಒಂಟಿಕೊಪ್ಪಲಿನ ಒಂದು ಸಂಜೆಯಾದರೂ ಉಳಿಯಬಾರದಿತ್ತೇ ಎಂಬ ಆಸೆ ಕನ್ನಡಿಗನ ಮನಸ್ಸಿನಲ್ಲಿ ಸುಳಿದರೆ ಅದನ್ನು ಅಸೂಯೆ ಎನ್ನಬಾರದು.

ಖಾಸಗಿಯವರು ಬಾನುಲಿ ನಡೆಸುವ ಅವಕಾಶ ಸ್ವತಂತ್ರ ಭಾರತದಲ್ಲಿ ಬಹುಕಾಲ ಇರಲಿಲ್ಲ. ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತ ಮೇಲೆ ಬಾಗಿಲು ನಿಧಾನವಾಗಿ ತೆರೆಯಿತು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ಅದು ಜಾಹೀರಾತಿನ ಬಲದಿಂದ ನಡೆಯುವ ವ್ಯಾಪಾರ. ಗೋಪಾಲಸ್ವಾಮಿಯವರ ಜಾತಿಗೆ ಹೆಚ್ಚು ಹತ್ತಿರವಾದದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಅದೇ ಕಾಲದಲ್ಲಿ ಎದ್ದ ‘ನಮ್ಮ ಧ್ವನಿ’. ಅಲ್ಲಿನ ಹಳ್ಳಿಯ ಜನ, ವಿಶೇಷವಾಗಿ ಹೆಂಗಸರು, ತಾವೇ ಕಾರ್ಯಕ್ರಮಗಳನ್ನು ಮುದ್ರಿಸಿ, ಬಾನುಲಿಗೆ ಲೈಸೆನ್ಸು ಸಿಗದ ಆ ದಿನಗಳಲ್ಲಿ, ಟೆಲಿವಿಷನ್ ಕೇಬಲ್ಲಿನ ಮೂಲಕ ಮನೆಮನೆಗೆ ಕೇಳಿಸಿದರು. ಪ್ರೇಷಕದ ಕಂಬವೇ ಇಲ್ಲದ ಬಾನುಲಿ ಅದು.

ಮೈಸೂರಿಗೆ ಆಕಾಶವಾಣಿ ಮರಳಿ ಬಂದದ್ದು 1974ರ ನವೆಂಬರ್ 14ರಂದು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾದ ಮರುವರ್ಷ. ಎರಡು ವರ್ಷದ ನಂತರ, 1976ರಲ್ಲಿ, ಮಂಗಳೂರಿಗೂ ನಿಲಯ ಬಂದಿತು. ಮೈಸೂರಿನ ಈ ಎರಡನೆಯ ನಿಲಯಕ್ಕೆ ದೊರೆತ ಸ್ಥಳ ಯಾದವಗಿರಿ. ಮೊದಲ ಪ್ರಸಾರ ನಡೆದ ವಿಠ್ಠಲ ವಿಹಾರಕ್ಕೂ ಅದಕ್ಕೂ ನಡುವಣ ದೂರ ಸುಮಾರು ಇನ್ನೂರು ಗಜ.